ಮೊಸರಿನ ಮನೆಗಾಗಿ ನಡೆದ ಕಚೇರಿ

ಕಳೆದ 2025ನೆಯ ಇಸವಿಯ ಬೇಸಗೆಯಲ್ಲಿ ನಾವು ಸಪತ್ನೀಕರಾಗಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಆರೆಗನ್ ಸಂಸ್ಥಾನಕ್ಕೆ ಹೋಗಿ, ಬೀವರ್ಟನ್ ಎಂಬ ಪಟ್ಟಣದಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳ ಪರ್ಯಂತ ಇದ್ದು ಬಂದೆವು. ಆ ಸೀಮೆಯಲ್ಲಿ ನೋಡತಕ್ಕ ಸ್ಥಳಗಳು ಬಹಳ. ಕೊಲಂಬಿಯಾ ನದಿಯ ಕಣಿವೆ, ಅಲ್ಲಿನ ಮಲ್ಟ್ನೋಮಾ ಜಲಪಾತ, ಬೇಸಗೆಯಲ್ಲಿಯೂ ನೆತ್ತಿಯ ಮೇಲೆ ಹಿಮವನ್ನು ಉಳಿಸಿಕೊಂಡಿರುವ ಹುಡ್ ಪರ್ವತ, ಇವುಗಳನ್ನೆಲ್ಲ ಕಂಡು ಕಣ್ಣು ತಣಿಸಿಕೊಂಡೆವು. ಆದರೆ ಇವುಗಳನ್ನು ವರ್ಣಿಸಲು ನಮಗಿಂತ ಸಮರ್ಥರಾದ ಲೇಖಕರು ಅನೇಕರಿದ್ದಾರೆ. ನಾವು ವಾಚಕರ ಮುಂದಿಡಲಿರುವುದು, ಯಾರೂ ಚಿತ್ರ ತೆಗೆಯಲು ಕೂಡ ನಿಲ್ಲದ, ಒಣಹುಲ್ಲಿನ ಒಂದು ಬಯಲಿನ ಸಂಗತಿ.

ಆ ಬಯಲಿಗೆ ನಮ್ಮನ್ನು ಕರೆದುಕೊಂಡು ಹೋದದ್ದು ಮೊಸರು. ಇದನ್ನು ಕೇಳಿ ಓದುಗರು ನಗಬಹುದು, ನಗಲಿ. ಪರದೇಶಕ್ಕೆ ಹೋದ ನಮ್ಮಂಥವರಿಗೆ ಮೊದಲು ಬರುವ ಚಿಂತೆ ಮೊಸರಿನದೇ. ಮಗಳ ಮನೆಯ ಶೀತಪೆಟ್ಟಿಗೆಯಲ್ಲಿ ‘ನ್ಯಾನ್ಸೀಸ್’ ಎಂದು ಹೆಸರು ಬರೆದಿದ್ದ ಮೊಸರಿನ ಡಬ್ಬಿಯಿತ್ತು. ನಮ್ಮ ಮನೆಯವರು ಮೊದಲನೆಯ ದಿನವೇ ಒಂದು ಚಮಚ ಬಾಯಿಗೆ ಹಾಕಿಕೊಂಡು, “ಹುಳಿ ಸ್ವಲ್ಪ ಮುಂದು. ಆದರೆ ಹೆಪ್ಪು ಜೀವಂತವಾಗಿದೆ” ಎಂದು ತೀರ್ಪು ಕೊಟ್ಟರು. ಆ ರಾತ್ರಿಯೇ ಹಾಲನ್ನು ಉಗುರುಬೆಚ್ಚಗೆ ಮಾಡಿ, ಆ ಡಬ್ಬಿಯ ಮೊಸರನ್ನೇ ಹೆಪ್ಪಿಗೆ ಬಿಟ್ಟು, ಪಾತ್ರೆಯನ್ನು ಒವನ್ನಿನೊಳಗಿಟ್ಟು ಅದರ ದೀಪವನ್ನು ಮಾತ್ರ ಉರಿಸಿಟ್ಟರು. ಬೆಳಗಾಗುವುದರೊಳಗೆ ಗಟ್ಟಿ ಮೊಸರಾಗಿತ್ತು. ಅದರ ತರುವಾಯ ಮೂರು ತಿಂಗಳೂ ಆ ಹೆಪ್ಪೇ ವಂಶಪಾರಂಪರ್ಯವಾಗಿ ನಡೆದು ಬಂದಿತು.

ಇದನ್ನು ಕಂಡ ನಮ್ಮ ಅಳಿಯಂದಿರು ಒಂದು ದಿನ ಊಟದ ಹೊತ್ತಿನಲ್ಲಿ, “ಮಾವ, ಈ ಮೊಸರು ಮಾಡುವ ಮನೆ ಮುಳುಗಿಹೋಗುವುದರಲ್ಲಿತ್ತು. ಒಂದು ಸಂಗೀತ ಕಚೇರಿಯ ದೆಸೆಯಿಂದ ಉಳಿಯಿತು, ಗೊತ್ತೇ?” ಎಂದರು. ಸಹಾಯಾರ್ಥ ಕಚೇರಿಗಳಲ್ಲಿ ನಮಗೆ ನಂಬಿಕೆ ಹೋಗಿ ಬಹಳ ಕಾಲವಾಗಿತ್ತು. ಅದರ ಕಾರಣವನ್ನು ಮುಂದೆ ಹೇಳುವೆವು. ಆದುದರಿಂದ “ಕಚೇರಿಯಿಂದ ಉಳಿದದ್ದು ಮೊಸರೋ, ಶಾಮಿಯಾನದವನೋ?” ಎಂದು ಕೇಳಿಬಿಟ್ಟೆವು. ಅಳಿಯಂದಿರು ಬೇಸರಪಡಲಿಲ್ಲ. ಅವರು ಹೇಳಿದ ಕಥೆ ಹೀಗಿದೆ.

ಆರೆಗನ್ನಿನ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ 1960ನೆಯ ಇಸವಿಯಲ್ಲಿ ಚಕ್ ಕೀಸಿ ಎಂಬ ತರುಣರೂ ಅವರ ಪತ್ನಿ ಸೂ ಕೀಸಿಯವರೂ ಸೇರಿ ಒಂದು ಸಣ್ಣ ಹಾಲಿನ ಕಾರ್ಖಾನೆಯನ್ನು ತೆರೆದರು. ‘ಸ್ಪ್ರಿಂಗ್‌ಫೀಲ್ಡ್ ಕ್ರೀಮರಿ’ ಎಂದು ಅದರ ಹೆಸರು. ದೊಡ್ಡ ಡೇರಿಗಳ ಪೈಪೋಟಿಯಲ್ಲಿ ಸಣ್ಣವರ ಗತಿ ಏನೆಂಬುದು ಎಲ್ಲ ದೇಶಗಳಲ್ಲಿಯೂ ಒಂದೇ. ಹೀಗಿರಲು ನ್ಯಾನ್ಸಿ ಹ್ಯಾಮ್ರೆನ್ ಎಂಬ ಸ್ತ್ರೀಯೊಬ್ಬರು ಅಲ್ಲಿ ಲೆಕ್ಕ ಬರೆಯಲು ಬಂದರು. ಮೊಸರು ಮಾಡುವ ಅನುಭವವೂ ಅವರಿಗೆ ಇದ್ದಿತು. ಚಕ್ ಕೀಸಿಯವರು ಹಾಲಿನ ಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವರು. ಇಬ್ಬರೂ ಸೇರಿ 1970ರಲ್ಲಿ ‘ಅಸಿಡೋಫಿಲಸ್’ ಎಂಬ ಜೀವಾಣುವನ್ನು ಜೀವಂತವಾಗಿ ಉಳಿಸಿಕೊಳ್ಳುವ ಮೊಸರನ್ನು ಮಾರಾಟಕ್ಕೆ ತಂದರು. ಈ ಹೆಸರನ್ನು ಬಿಡಿಸಿ ನೋಡಿದರೆ ‘ಆಮ್ಲಪ್ರಿಯ’ ಎಂದಾಗುತ್ತದೆ. ನಮ್ಮ ಮನೆಯವರಿಗೆ ಹುಳಿ ಮುಂದಾಗಿ ಕಂಡದ್ದು ಸುಮ್ಮನೆ ಅಲ್ಲ. ದೂರವಾಣಿಯಲ್ಲಿ ಬೇಡಿಕೆ ತೆಗೆದುಕೊಳ್ಳುತ್ತಿದ್ದವರು ನ್ಯಾನ್ಸಿಯವರಾದ್ದರಿಂದ, ಗಿರಾಕಿಗಳು “ನ್ಯಾನ್ಸಿಯ ಮೊಸರು ಕಳುಹಿಸಿ” ಎನ್ನುತ್ತ ಬಂದು, ಆ ಹೆಸರೇ ನಿಂತಿತು. ನಮ್ಮ ಊರುಗಳಲ್ಲಿಯೂ ಅಂಗಡಿಯ ಹಲಗೆಯ ಮೇಲೆ ಒಂದು ಹೆಸರಿದ್ದು ಜನರ ಬಾಯಲ್ಲಿ ಮತ್ತೊಂದು ಇರುವುದುಂಟಷ್ಟೆ.

ಮೊಸರಿಗೆ ಹೆಸರು ಬಂದರೂ ಸಾಲ ತೀರಲಿಲ್ಲ. 1972ರ ಬೇಸಗೆಗೆ ಕಾರ್ಖಾನೆಯ ಬಾಗಿಲು ಮುಚ್ಚುವ ಕಾಲ ಸಮೀಪಿಸಿತು. ಚಕ್ ಕೀಸಿಯವರ ಅಣ್ಣಂದಿರು ಕೆನ್ ಕೀಸಿ ಎಂಬ ಪ್ರಸಿದ್ಧ ಕಾದಂಬರಿಕಾರರು. ಅವರ ಗೆಳೆಯರ ಬಳಗದಲ್ಲಿ ‘ಗ್ರೇಟ್‌ಫುಲ್ ಡೆಡ್’ ಎಂಬ ಸಂಗೀತ ಮೇಳವಿದ್ದಿತು. ಸಾಲಗಾರನಾದ ತಮ್ಮನು ತಾನೇ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಆ ಮೇಳದವರನ್ನು ಕಂಡು ಕಷ್ಟವನ್ನು ಹೇಳಿಕೊಂಡನು. ಅವರು ಬರುತ್ತೇವೆಂದು ಒಪ್ಪಿದರು. ಸುಮಾರು ಒಂದು ತಿಂಗಳೊಳಗೆ ಎಲ್ಲ ಸಿದ್ಧತೆಯೂ ಆಗಬೇಕಾಯಿತು. ಟಿಕೆಟನ್ನು ಮೊಸರಿನ ಡಬ್ಬಿಯ ಚೀಟಿಯ ಮಾದರಿಯಲ್ಲಿಯೇ ಅಚ್ಚು ಹಾಕಿಸಿದರು. ಮುಂಗಡ ಕೊಂಡರೆ 3 ಡಾಲರು, ಬಾಗಿಲಲ್ಲಿ ಕೊಂಡರೆ ಮೂರೂವರೆ.

ಆ ದಿನ ತೆಗೆದ ಚಲಚ್ಚಿತ್ರವೊಂದಿದೆ. ನಾಲ್ವತ್ತು ವರ್ಷಕ್ಕೂ ಮೇಲೆ ಕಾದು, 2013ರಲ್ಲಿ ಅದು ವಿಧ್ಯುಕ್ತವಾಗಿ ಹೊರಬಂದಿತು. ಅಳಿಯಂದಿರು ಅದನ್ನು ತೋರಿಸಹೊರಟಾಗ ಮಗಳು, “ಅಪ್ಪ, ಕೆಲವು ಕಡೆ ಕಣ್ಣು ಮುಚ್ಚಿಕೊಳ್ಳಬೇಕಾಗುತ್ತದೆ” ಎಂದು ಎಚ್ಚರಿಸಿದಳು. ನಿಜವೇ. ಬಿಸಿಲಿನ ತಾಪದಿಂದಲೋ ಕಾಲದ ತಾಪದಿಂದಲೋ ಅಲ್ಲಿ ನೆರೆದ ಅನೇಕರು ಉಟ್ಟ ಬಟ್ಟೆಯನ್ನು ಕಳಚಿ ಹಾಕಿದ್ದರು. ಮಾದಕ ದ್ರವ್ಯಗಳನ್ನು ಸೇವಿಸಿ ಮೈಮರೆತವರೂ ಬಹಳ ಮಂದಿ. ಮೂವತ್ತೈದು ವರ್ಷ ಹುಡುಗರಿಗೆ ಪಾಠ ಹೇಳಿದ ನಮಗೆ ಇದು ಸರಿಬೀಳಲಿಲ್ಲ. ಸರಿಬಿದ್ದಿತೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅದೇ ಚಿತ್ರದಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತ ತಂದೆಯರಿದ್ದರು, ಕುಣಿಯುತ್ತಿದ್ದ ಕೂಸುಗಳಿದ್ದುವು. ಹುಚ್ಚರ ಸಂತೆಯಂತೆ ಕಂಡದ್ದು, ನೋಡುತ್ತ ನೋಡುತ್ತ ನಮ್ಮ ಜಾತ್ರೆಯಂತೆ ಕಾಣತೊಡಗಿತು. ಚಿತ್ರ ಮುಗಿದ ಮೇಲೆ, ಆ ಸ್ಥಳವನ್ನು ನೋಡಬೇಕೆಂದು ನಾವೇ ಬಾಯಿಬಿಟ್ಟು ಹೇಳಿದೆವು.

ಆಗಸ್ಟ್ ತಿಂಗಳ ಕೊನೆಯ ಶನಿವಾರ ಬೆಳಗ್ಗೆ ಮೊಸರನ್ನದ ಬುತ್ತಿಯೊಡನೆ ಕಾರಿನಲ್ಲಿ ಹೊರಟೆವು. ದಕ್ಷಿಣಾಭಿಮುಖವಾಗಿ ಯೂಜೀನ್ ನಗರದವರೆಗೆ ಸುಮಾರು 110 ಮೈಲಿ. ಈ ದಾರಿಯುದ್ದಕ್ಕೂ ವಿಲಾಮೆಟ್ ನದಿಯ ಕಣಿವೆ. ಎರಡು ಕಡೆಯೂ ದೂರದಲ್ಲಿ ಬೆಟ್ಟಗಳ ಸಾಲು, ನಡುವೆ ಹಲಗೆಯಂತೆ ಸಮನಾದ ಭೂಮಿ. ಈ ಕಣಿವೆಯ ಮುಖ್ಯ ಬೆಳೆಗಳಲ್ಲಿ ಒಂದು ಹುಲ್ಲಿನ ಬೀಜವೆಂದು ಅಳಿಯಂದಿರು ಹೇಳಿದಾಗ ನಾವು ನಂಬಲಿಲ್ಲ. ಲೋಕದ ಅನೇಕ ಕಡೆ ಮನೆಯ ಮುಂದೆ ಬೆಳೆಸುವ ಹಸುರು ಹುಲ್ಲಿಗೆ ಬೀಜ ಹೋಗುವುದು ಇಲ್ಲಿಂದಲಂತೆ. ಅಕ್ಕಿ ರಾಗಿ ಬೆಳೆಯುವ ನಮಗೆ ಹುಲ್ಲನ್ನು ಬಿತ್ತಿ ಬೆಳೆಯುವ ರೈತನು ವಿಚಿತ್ರವಾಗಿ ಕಂಡರೂ, ಕೊಯ್ಲು ಮುಗಿದ ಆ ಹೊಲಗಳ ಕೂಳೆ ನಮ್ಮ ಸೀಮೆಯ ರಾಗಿಯ ಹೊಲಗಳ ನೆನಪನ್ನೇ ತಂದಿತು.

ಆ ದೇಶದ ಋತುಧರ್ಮವೂ ನಮ್ಮದಕ್ಕೆ ತಿರುಗುಮುರುಗು. ಚಳಿಗಾಲವೆಲ್ಲ ಮಳೆ, ಬೇಸಗೆಯಲ್ಲಿ ಒಂದು ಹನಿಗೂ ಬರ. ಆಷಾಢ ಶ್ರಾವಣಗಳಲ್ಲಿ ನಮ್ಮಲ್ಲಿ ಭೂಮಿ ಹಸುರಾಗುವಾಗ ಅಲ್ಲಿ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಬಯಲಿನಲ್ಲಿ ಕಚೇರಿಯಿಡುವವರಿಗೆ ಇದಕ್ಕಿಂತ ಅನುಕೂಲವೇನಿದೆ! ಮೇ ತಿಂಗಳ ಮೋಡವನ್ನು ನೋಡಿ ಎದೆ ನಡುಗಬೇಕಾದ ಕಷ್ಟ ಅಲ್ಲಿನವರಿಗಿಲ್ಲ.

ಯೂಜೀನಿನಿಂದ ಪಶ್ಚಿಮಕ್ಕೆ ತಿರುಗಿ, ಫರ್ನ್ ರಿಜ್ ಎಂಬ ದೊಡ್ಡ ಕೆರೆಯ ಅಂಚಿನಲ್ಲಿ ಹನ್ನೆರಡು ಹದಿಮೂರು ಮೈಲಿ ಹೋದರೆ ವೆನೀಟಾ ಎಂಬ ಊರು. 5000ಕ್ಕೆ ಸ್ವಲ್ಪ ಮೇಲ್ಪಟ್ಟ ಜನವಸತಿ. ಊರ ಹತ್ತಿರ ಹರಿಯುವ ಹೊಳೆಗೆ ‘ಲಾಂಗ್ ಟಾಮ್’ ಎಂದು ಹೆಸರು. ಉದ್ದನೆಯ ಟಾಮನೆಂಬ ಮನುಷ್ಯನು ಯಾರಿರಬಹುದೆಂದು ನಾವು ಯೋಚಿಸುತ್ತಿದ್ದೆವು. ಅಂಥವನು ಯಾರೂ ಇರಲಿಲ್ಲವಂತೆ. ಆ ಕಣಿವೆಯ ಮೂಲನಿವಾಸಿಗಳಾದ ಕಲಪೂಯ ಜನರ ಮಾತಿನ ಹೆಸರೊಂದು ಬಿಳಿಯರ ನಾಲಗೆಯಲ್ಲಿ ಸವೆದು ಹೀಗಾಯಿತಂತೆ. ಬೆಂಗಳೂರು ಅವರ ಸಜಾತಿಯವರ ನಾಲಗೆಯಲ್ಲಿ ಏನಾಯಿತೆಂಬುದನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯ ತೋರಲಿಲ್ಲ.

ಹೊಳೆಯ ಪಕ್ಕದ ಬಯಲಿನಲ್ಲಿ ಪ್ರತಿವರ್ಷ ಜುಲೈ ತಿಂಗಳಲ್ಲಿ ಮೂರು ದಿವಸ ‘ಆರೆಗನ್ ಕಂಟ್ರಿ ಫೇರ್’ ಎಂಬ ಜಾತ್ರೆ ನಡೆಯುತ್ತದೆ. ಮಡಕೆ ಮಾಡುವವರು, ಮರದ ಕೆಲಸದವರು, ಹಾಡುವವರು, ದೊಂಬರಾಟದವರು ಎಲ್ಲರೂ ಅಲ್ಲಿ ಸೇರುವರು. ಈ ಜಾತ್ರೆ 1969ರಲ್ಲಿ ಮೊದಲಾದದ್ದು ಮಕ್ಕಳ ಒಂದು ಪಾಠಶಾಲೆಯ ಸಹಾಯಾರ್ಥವಾಗಿ ಎಂದು ಕೇಳಿ ನಾವು ಕಾರಿನಲ್ಲಿ ನೆಟ್ಟಗೆ ಕುಳಿತೆವು. ಶಾಲೆಗೆ ಹಣ ಕೂಡಿಸುವ ಕೆಲಸ ಏನೆಂಬುದನ್ನು ಅನುಭವಿಸಿದವನಿಗೇ ಗೊತ್ತು.

ಜಾತ್ರೆ ಮುಗಿದು ತಿಂಗಳಾಗಿದ್ದರಿಂದ ನಾವು ಹೋದಾಗ ಗೇಟಿಗೆ ಬೀಗ ಬಿದ್ದಿತ್ತು. ರಸ್ತೆಯಂಚಿನ ಒಂದು ಮರದ ನೆರಳಿನಲ್ಲಿ ಕಾರನ್ನು ನಿಲ್ಲಿಸಿ, ಬೇಲಿಯ ಈಚೆಯಿಂದ ನೋಡಿದೆವು. ಮೊಣಕಾಲೆತ್ತರದ ಒಣಹುಲ್ಲು, ಮುಳ್ಳಿನ ಬ್ಲ್ಯಾಕ್‌ಬೆರಿ ಪೊದೆಗಳು, ಆಚೆಗೆ ಹೊಳೆಯನ್ನು ಸೂಚಿಸುವ ಆ್ಯಶ್ ಮರಗಳ ಸಾಲು, ಅದರಾಚೆಗೆ ಕಪ್ಪುಹಸುರಿನ ಫರ್ ಮರಗಳು. ಮಿಡತೆಗಳ ಶಬ್ದವೊಂದೇ. “ಇಷ್ಟೇ ಏನು?” ಎಂದು ನಮ್ಮ ಮನೆಯವರು ಕೇಳಿದರು. ಇಷ್ಟೇ.

ಇಷ್ಟರಲ್ಲಿಯೇ 1972ನೆಯ ಇಸವಿ ಆಗಸ್ಟ್ 27ನೆಯ ತಾರೀಖು ಭಾನುವಾರ ಸುಮಾರು 20,000 ಜನ ನೆರೆದಿದ್ದರು. ಹಣ ಕೊಟ್ಟು ಬಂದವರ ಜತೆಗೆ ಬೇಲಿ ಹಾಯ್ದು ಬಂದವರೂ ಅನೇಕರು. ಆ ದಿನದ ತಾಪ ಫಾರನ್‌ಹೀಟ್ 100 ಡಿಗ್ರಿಯನ್ನು ಮೀರಿತ್ತು. ಕುಡಿಯುವ ನೀರು ಸಾಲದೆ ಹೋಯಿತು. ನಿರ್ವಾಹಕರಾಗಿದ್ದ ಕೆನ್ ಬ್ಯಾಬ್ಸ್ ಎಂಬವರು ಹಾಡು ಹಾಡಿನ ನಡುವೆ ವೇದಿಕೆಗೆ ಬಂದು ನೀರಿನ ವಿಷಯವನ್ನೂ ತಪ್ಪಿಸಿಕೊಂಡ ಮಕ್ಕಳ ವಿಷಯವನ್ನೂ ಸಾರುತ್ತಿದ್ದರು. ಇದನ್ನು ಕೇಳಿದಾಗ ಸಿದ್ಧಗಂಗೆಯ ಜಾತ್ರೆಯಲ್ಲಿ ಧ್ವನಿವರ್ಧಕದಿಂದ ಕೂಗುವ, “ಕೆಂಪು ಅಂಗಿಯ ಹುಡುಗ ಇಲ್ಲಿದ್ದಾನೆ, ಪೋಷಕರು ಬರಬೇಕು” ಎಂಬ ಮಾತು ನೆನಪಾಯಿತು.

ಇನ್ನೊಂದು ಅವಿವೇಕವೂ ನಡೆದಿತ್ತು. ತರಾತುರಿಯಲ್ಲಿ ವೇದಿಕೆ ಕಟ್ಟಿದವರು ಅದರ ಮುಖವನ್ನು ಪಶ್ಚಿಮಕ್ಕೆ ಮಾಡಿಬಿಟ್ಟಿದ್ದರು. ಮಧ್ಯಾಹ್ನ ಕಳೆದ ಮೇಲೆ ಸೂರ್ಯನು ನುಡಿಸುವವರ ಕಣ್ಣಿಗೇ ನೆಟ್ಟನು. ಬಿಸಿಲಿಗೆ ಗಿಟಾರುಗಳ ತಂತಿಗಳು ಶ್ರುತಿ ತಪ್ಪಿದುವು. ಒಂದು ಹಾಡು ಮುಗಿದೊಡನೆ ಶ್ರುತಿ ಮಾಡಿಕೊಳ್ಳುವುದು, ಅದು ನಿಲ್ಲದಿರುವುದು, ಮತ್ತೆ ಮಾಡಿಕೊಳ್ಳುವುದು. ಶ್ರುತಿ ನಿಲ್ಲುತ್ತಿಲ್ಲವೆಂದು ಅವರು ಸಭೆಗೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಹೇಳಿ, ಮೂರು ಭಾಗಗಳಾಗಿ ಕತ್ತಲಾಗುವವರೆಗೂ ನುಡಿಸಿದರು.

ಈ ಮೇಳದವರ ಸಂಗೀತಕ್ಕೆ ‘ಜ್ಯಾಮ್’ ಎಂದು ಹೆಸರು. ಜ್ಯಾಮ್ ಎಂದರೆ ರೊಟ್ಟಿಗೆ ಹಚ್ಚುವ ಹಣ್ಣಿನ ಪಾಕವೆಂದೇ ನಾವು ತಿಳಿದಿದ್ದವರು. ಇಲ್ಲಿ ಅದರ ಅರ್ಥ ಬೇರೆ. ಒಂದು ಹಾಡನ್ನು ಎತ್ತಿಕೊಂಡು, ಅದರ ಸಾಹಿತ್ಯ ಮುಗಿದ ಬಳಿಕ, ಮೊದಲೇ ಬರೆದುಕೊಳ್ಳದೆ, ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತ ಎಲ್ಲರೂ ಒಟ್ಟಿಗೆ ಬೆಳೆಸಿಕೊಂಡು ಹೋಗುವುದು. ನಮ್ಮವರು ಮನೋಧರ್ಮವೆನ್ನುವುದು ಇದನ್ನೇ ಅಲ್ಲವೆ ಎಂದು ಅಳಿಯಂದಿರ ಪ್ರಶ್ನೆ. ಅವರು ಹುಡುಗರಾಗಿದ್ದಾಗ ಮೈಸೂರಿನಲ್ಲಿ ಆರು ವರ್ಷ ಮೃದಂಗ ಕಲಿತವರು. ನಾವು ಕೂಡಲೇ ಒಪ್ಪಲಿಲ್ಲ. ನಮ್ಮಲ್ಲಿ ರಾಗವೆಂಬ ಕಟ್ಟುಪಾಡಿದೆ. ನೆರವಲಿಗೆ ಒಂದು ಸಾಲು, ತಾಳಕ್ಕೆ ಒಂದು ಆವರ್ತ ಇದೆ. ಇಂಥ ಅಂಕುಶವಿಲ್ಲದ ಆನೆ ಎಲ್ಲಿಗೆ ಹೋದೀತು?

“ಕೇಳಿಯೇ ನೋಡಿ ಮಾವ” ಎಂದು ಅವರು ಕಾರಿನ ಬಾಗಿಲುಗಳನ್ನು ತೆರೆದಿಟ್ಟು, ಆ ದಿನ ಅದೇ ಬಯಲಿನಲ್ಲಿ ನುಡಿಸಿದ ‘ಡಾರ್ಕ್ ಸ್ಟಾರ್’ ಎಂಬುದರ ಮುದ್ರಿಕೆಯನ್ನು ಹಾಕಿದರು. 1968ರಲ್ಲಿ ಈ ಹಾಡನ್ನು ತಟ್ಟೆಯಲ್ಲಿ ಮುದ್ರಿಸಿದಾಗ ಅದರ ಅಳತೆ ಮೂರು ನಿಮಿಷಕ್ಕೂ ಕಡಿಮೆ. ವೆನೀಟಾದ ಬಯಲಿನಲ್ಲಿ ಅದು ಅರ್ಧಗಂಟೆ ನಡೆಯಿತು. ಮರದ ನೆರಳಿನಲ್ಲಿ ಕುಳಿತು ನಾವು ಕೇಳಿದೆವು. ಮೊದಲು ಹತ್ತು ನಿಮಿಷ ನಮಗೆ ತಲೆ ಬಾಲ ತಿಳಿಯಲಿಲ್ಲ. ಆಮೇಲೆ ಜೆರ್ರಿ ಗಾರ್ಸಿಯಾ ಎಂಬವರ ಗಿಟಾರಿನ ಒಂದು ಎಳೆ ಕಿವಿಗೆ ಹತ್ತಿತು. ಸ್ವರಗಳನ್ನು ಗುನುಗಿ ನೋಡಿಕೊಂಡರೆ ಬಹುಮಟ್ಟಿಗೆ ಹರಿಕಾಂಭೋಜಿಯ ಮೇಳ! ರಾಗವಲ್ಲ, ರಾಗದ ಗಮಕವಿಲ್ಲ, ಸ್ವರಸ್ಥಾನಗಳು ಮಾತ್ರ. ಆದರೂ ಬೇರೆ ಊರಿನ ಸಂತೆಯಲ್ಲಿ ನಮ್ಮೂರ ಮುಖವೊಂದು ಕಂಡಂತಾಯಿತು. ಗಾರ್ಸಿಯಾರವರಿಗೆ ಬಾಲ್ಯದಲ್ಲಿಯೇ ಕೊಡಲಿಯೇಟಿನಿಂದ ಬಲಗೈಯ ನಡುಬೆರಳು ಬಹುಪಾಲು ಹೋಗಿತ್ತಂತೆ. ಮೀಟುವ ಕೈಯೇ ಅದು. ಫಿಲ್ ಲೆಶ್ ಎಂಬವರು ಮಂದ್ರದ ತಂತಿಗಳಲ್ಲಿ ಹಿಂದೆ ನಿಂತು ತಾಳ ಹಿಡಿಯುವ ಬದಲು ಗಾರ್ಸಿಯಾರವರಿಗೆ ಸಮಸಮನಾಗಿ ಎದುರು ನುಡಿಯುತ್ತಾರೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುವ ಈ ಕ್ರಮ, ಒಳ್ಳೆಯ ಪಿಟೀಲು ವಿದ್ವಾಂಸರು ಗಾಯಕನ ಬೆನ್ನಿಗೆ ಬರುವ ಕ್ರಮವೇ ಸರಿ. ಅಂಕುಶವಿಲ್ಲವೆಂದು ನಾವು ಹೇಳಿದ್ದು ತಪ್ಪು. ಅಲ್ಲಿ ಅಂಕುಶ ಪಕ್ಕದವನ ಕಿವಿಯಲ್ಲಿದೆ. ಆದರೆ ಅರ್ಧಗಂಟೆಯೂ ಸಮನಾದ ರಸವಿತ್ತೆಂದು ಹೇಳಲಾರೆವು. ನಡುವೆ ಕೆಲವು ಕಡೆ ಅವರೂ ದಾರಿ ತಪ್ಪಿದ್ದರು. ನಮಗೂ ಆಕಳಿಕೆ ಬಂದಿತು.

ಅಷ್ಟು ಗಹನವಾದುದು ಮುಗಿಯುತ್ತಿದ್ದಂತೆಯೇ ಅವರು ನಡುವೆ ನಿಲ್ಲಿಸದೆ ‘ಎಲ್ ಪಾಸೊ’ ಎಂಬ, ಕುದುರೆ ಸವಾರರ ಪ್ರೇಮಕಥೆಯ ಲಘುವಾದ ಹಾಡಿಗೆ ಇಳಿದರು. ಪಲ್ಲವಿ ಮುಗಿಸಿ ದೇವರನಾಮಕ್ಕೆ ಬಂದಂತೆ! ಅಳಿಯಂದಿರು ನಮ್ಮ ಮುಖವನ್ನು ನೋಡಿ ನಕ್ಕರು. ಈ ಸಲ ನಾವೂ ನಕ್ಕೆವು.

ನಮ್ಮ ದೇಶದ ವಿದ್ಯೆಗೂ ಈ ಮೇಳಕ್ಕೂ ನಿಜವಾದ ನಂಟೊಂದಿದೆ. 1967ರಲ್ಲಿ ಈ ಮೇಳವನ್ನು ಸೇರಿದ ಮಿಕಿ ಹಾರ್ಟ್ ಎಂಬ ತಾಳವಾದ್ಯಗಾರರು ಉಸ್ತಾದ್ ಅಲ್ಲಾ ರಖಾರವರಲ್ಲಿ ಪಾಠ ಹೇಳಿಸಿಕೊಂಡವರು. ಅವರ ಪುತ್ರರಾದ ಜಾಕೀರ್ ಹುಸೇನರೊಡನೆ ಹಾರ್ಟರ ಸ್ನೇಹ 2024ರಲ್ಲಿ ಹುಸೇನರು ತೀರಿಕೊಳ್ಳುವವರೆಗೂ ನಡೆಯಿತು. ಇವರಿಬ್ಬರೂ ಕೂಡಿ 1991ರಲ್ಲಿ ಹೊರತಂದ ‘ಪ್ಲಾನೆಟ್ ಡ್ರಮ್’ ಎಂಬ ಮುದ್ರಿಕೆಯಲ್ಲಿ ನಮ್ಮ ವಿಕ್ಕು ವಿನಾಯಕರಾಮ್ ಅವರ ಘಟವೂ ಕೇಳಿಬರುತ್ತದೆ. ಆದರೆ ವೆನೀಟಾದ ದಿನ ಹಾರ್ಟರು ಮೇಳದಲ್ಲಿರಲಿಲ್ಲ. ಕೆಲವು ವರ್ಷ ಹೊರಗಿದ್ದು 1974ರಲ್ಲಿ ಮರಳಿ ಬಂದರು.

ಬುತ್ತಿ ಬಿಚ್ಚಿ ಮೊಸರನ್ನ ತಿನ್ನುತ್ತಿದ್ದಾಗ ನಮ್ಮ ಮನೆಯವರು, “ಅದೇನು ಹೆಸರು ಇಟ್ಟುಕೊಂಡಿದ್ದಾರೆ, ಸತ್ತವರು ಅಂತ!” ಎಂದರು. ‘ಕೃತಜ್ಞನಾದ ಮೃತ’ ಎಂಬುದು ಅದರ ಅರ್ಥ. 1965ರಲ್ಲಿ ಮೇಳಕ್ಕೆ ಹೊಸ ಹೆಸರು ಬೇಕಾಗಿ, ಗಾರ್ಸಿಯಾರವರು ಒಂದು ನಿಘಂಟನ್ನು ತೆರೆದಾಗ ಕಣ್ಣಿಗೆ ಬಿದ್ದ ಪದವಂತೆ ಅದು. ನಿಘಂಟಿನಿಂದ ಹೆಸರಾರಿಸಿದ ಗಾಯಕನ ಮೇಲೆ ನಮಗೆ ವಿಶ್ವಾಸ ಹುಟ್ಟಿತು. ಯೂರೋಪಿನ ಅನೇಕ ದೇಶಗಳಲ್ಲಿ ಹೇಳುವ ಒಂದು ಅಡುಗೂಲಜ್ಜಿ ಕಥೆಯ ಬಗೆಗೆ ಆ ಹೆಸರು. ದಾರಿಗನೊಬ್ಬನು ಒಂದೂರಿಗೆ ಬರುತ್ತಾನೆ. ಅಲ್ಲೊಂದು ಹೆಣ ಬಿದ್ದಿರುತ್ತದೆ. ಸತ್ತವನು ಸಾಲ ತೀರಿಸದೆ ಹೋದನೆಂದು ಸಾಲಗಾರರು ಸಂಸ್ಕಾರಕ್ಕೆ ಬಿಡುವುದಿಲ್ಲ. ದಾರಿಗನು ತನ್ನ ಗಂಟಿನಲ್ಲಿದ್ದ ಕೊನೆಯ ಕಾಸನ್ನು ಕೊಟ್ಟು ಸಾಲ ತೀರಿಸಿ ಮಣ್ಣು ಮಾಡಿಸುತ್ತಾನೆ. ಮುಂದೆ ಅವನಿಗೆ ವಿಪತ್ತು ಬಂದಾಗ ಗುರುತಿಲ್ಲದ ಒಬ್ಬ ಜತೆಗಾರನು ಬಂದು ಕಾಪಾಡುತ್ತಾನೆ. ಅವನೇ ಆ ಸತ್ತವನು.

ಸಾಲದ ಕಥೆಯಿಂದ ಹೆಸರು ಪಡೆದವರು ಸಾಲದ ಮನೆಯೊಂದನ್ನು ಉಳಿಸಲು ಬಂದದ್ದು ಕಾಕತಾಳೀಯವೇ. ಎಲ್ಲ ಖರ್ಚು ಕಳೆದು ಆ ದಿನ ಮೊಸರಿನ ಮನೆಗೆ ಹನ್ನೆರಡು ಹದಿಮೂರು ಸಾವಿರ ಡಾಲರು ಉಳಿಯಿತಂತೆ. 20,000 ಜನ ಸೇರಿದ ಕಚೇರಿಗೆ ಇದು ದೊಡ್ಡ ಮೊತ್ತವಲ್ಲ. ಆದರೂ ಬಾಗಿಲು ಮುಚ್ಚಲಿಲ್ಲ. ಹತ್ತು ವರ್ಷಗಳ ಮೇಲೆ, 1982ರ ಆಗಸ್ಟ್ 28ರಂದು, ಆ ಹೊತ್ತಿಗೆ ಹಳಬರೆನಿಸಿದ್ದ ಅದೇ ಮೇಳದವರು ಅದೇ ಬಯಲಿಗೆ ಮತ್ತೆ ಬಂದು ನುಡಿಸಿದರು. 1995ರಲ್ಲಿ ಗಾರ್ಸಿಯಾರವರು ತೀರಿಹೋದರು. ಮೇಳವೂ ಅಲ್ಲಿಗೆ ಮುಗಿಯಿತು. ಲೆಶ್‌ರವರು 2024ರಲ್ಲಿ ಹೋದರು. ಮೊಸರು ಮಾತ್ರ ನಮ್ಮ ಬುತ್ತಿಯಲ್ಲಿತ್ತು.

ಇನ್ನು ನಮ್ಮ ಸಂಗತಿ. 1996ನೆಯ ಇಸವಿಯಲ್ಲಿ ನಾವು ತುಮಕೂರು ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಂಸ್ಕೃತ ಅಧ್ಯಾಪಕರಾಗಿದ್ದೆವು. ಎರಡು ಕೋಣೆ ಕಟ್ಟಿಸಲು 40,000 ರೂಪಾಯಿ ಬೇಕಾಗಿತ್ತು. ಶಾಲೆಯ ಮೈದಾನದಲ್ಲಿ ಸಹಾಯಾರ್ಥ ಕಚೇರಿ ಇಡಿಸುವ ಆಲೋಚನೆ ನಮ್ಮದೇ. ಸಮಿತಿಗೆ ಕಾರ್ಯದರ್ಶಿಗಳೂ ನಾವೇ. ಎಪ್ಪತ್ತು ದಾಟಿದ್ದ ಹಿರಿಯ ಗಾಯಕರೊಬ್ಬರು ಪಕ್ಕವಾದ್ಯಸಮೇತ 5,000 ರೂಪಾಯಿಗೆ ಒಪ್ಪಿದರು. ಮೇ ತಿಂಗಳ ಒಂದು ಸಂಜೆ ಶಾಮಿಯಾನದಡಿಯಲ್ಲಿ ಕಲ್ಯಾಣಿಯ ಆಲಾಪನೆ ಅರ್ಧವಾಗುವಷ್ಟರಲ್ಲಿ ಗುಡುಗು ಮಳೆ ಸುರಿಯಿತು. ಶಾಮಿಯಾನ ಕುಸಿಯಿತು, ವಿದ್ಯುಚ್ಛಕ್ತಿ ಹೋಯಿತು, ಸಭಿಕರು ಚೆದುರಿದರು. ಮೃದಂಗದ ಚರ್ಮ ತೇವ ಹಿಡಿದು ಶ್ರುತಿ ಇಳಿದುಬಿಟ್ಟಿತು. ಆ ಹಿರಿಯರು ಶಾಲೆಯ ಜಗಲಿಯ ಮೇಲೆ ಕುಳಿತು, ಒಂದು ಲಾಟೀನಿನ ಬೆಳಕಿನಲ್ಲಿ, ಉಳಿದಿದ್ದ ನಾಲ್ವತ್ತು ಮಂದಿಗೆ ಧ್ವನಿವರ್ಧಕವಿಲ್ಲದೆ ಒಂದು ಗಂಟೆಗೂ ಮೇಲೆ ಹಾಡಿದರು. ಮೃದಂಗದವರು ಇಳಿದ ಶ್ರುತಿಯಲ್ಲಿಯೇ ಮೆಲ್ಲನೆ ನುಡಿಸಿದರು.

ಕೂಡಿದ್ದ ಹಣ 17,400, ಖರ್ಚು 14,900. ಸಂಭಾವನೆಗೆ ನಮ್ಮಲ್ಲಿ ಇದ್ದದ್ದು ಎರಡೂವರೆ ಸಾವಿರ ಮಾತ್ರ. ಆ ಹಿರಿಯರು ನಮ್ಮ ಮುಖವನ್ನು ನೋಡಿಯೇ ಲೆಕ್ಕವನ್ನು ತಿಳಿದುಕೊಂಡರು. “ಮೇಷ್ಟರೇ, ಮಳೆಗೂ ನನಗೂ ಇಬ್ಬರಿಗೂ ಸಂಭಾವನೆ ಕೊಡುವ ಶಕ್ತಿ ನಿಮ್ಮ ಶಾಲೆಗಿಲ್ಲ. ಈ ಹುಡುಗರಿಗೆ ಕೊಡಿ, ನನಗೆ ಬಸ್ಸಿನ ಛಾರ್ಜು ಸಾಕು” ಎಂದರು. ಪಕ್ಕವಾದ್ಯದವರಿಗೆ 1,500 ಕೊಟ್ಟೆವು. ಉಳಿದ ಒಂಬೈನೂರು ಚಿಲ್ಲರೆಯಲ್ಲಿ ಎರಡು ಕರಿಹಲಗೆಗಳನ್ನು ಕೊಂಡೆವು. ಕೋಣೆ ಆಗಲಿಲ್ಲ.

ಸಮಿತಿಯವರು ಅವರಿಗೆ ಕೃತಜ್ಞತಾಪತ್ರ ಬರೆಯುವ ಕೆಲಸವನ್ನು ನಮಗೆ ವಹಿಸಿದರು. ಇಂಥ ಉಪಕಾರಕ್ಕೆ ನಾಲ್ಕು ಸಾಲಿನ ಗದ್ಯ ಸಾಲದೆಂದು, ಶಾರ್ದೂಲವಿಕ್ರೀಡಿತದಲ್ಲಿ ಐದು ಶ್ಲೋಕಗಳನ್ನು ರಚಿಸಿ ಕಳುಹಿಸಬೇಕೆಂದು ನಾವು ಸಂಕಲ್ಪ ಮಾಡಿದೆವು. ಮೂರು ಬಂದುವು. ನಾಲ್ಕನೆಯದರ ಮೂರನೆಯ ಪಾದದಲ್ಲಿ ಯತಿಭಂಗವಾಗುತ್ತಿತ್ತು. ತಿದ್ದಿದೆವು, ತಿದ್ದಿದ್ದು ಹಿಡಿಸಲಿಲ್ಲ. ಶಾಲೆ ತೆರೆಯಿತು, ದಸರಾ ಬಂದಿತು, ಪರೀಕ್ಷೆಗಳು ಬಂದುವು. ಮರುವರ್ಷದ ಆಷಾಢದಲ್ಲಿ ಅವರು ತೀರಿಹೋದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆವು. ಮೂರೂವರೆ ಶ್ಲೋಕದ ಆ ಕಾಗದ ಆಪ್ಟೆಯವರ ನಿಘಂಟಿನೊಳಗೆ ಈಗಲೂ ಇದೆ. ಆ ಪುಟ ಬಂದಾಗಲೆಲ್ಲ ಬೇಗ ಮಗುಚಿಬಿಡುವುದು ನಮಗೆ ರೂಢಿಯಾಗಿತ್ತು. ಸಹಾಯಾರ್ಥ ಕಚೇರಿಗಳಲ್ಲಿ ನಂಬಿಕೆ ಹೋಯಿತೆಂದು ಮೇಲೆ ಬರೆದೆವಲ್ಲ, ಕಚೇರಿಯ ತಪ್ಪೇನೂ ಇರಲಿಲ್ಲ.

ಆ ರಾತ್ರಿ ಬೀವರ್ಟನ್ನಿಗೆ ಮರಳಿದ ಮೇಲೆ ಮಗಳಿಂದ ಒಂದು ಕಾಗದವನ್ನು ಕೇಳಿ ಇಸಕೊಂಡೆವು. ಗಾಯಕರ ಪುತ್ರರು ಮೈಸೂರಿನಲ್ಲಿರುವುದು ನಮಗೆ ತಿಳಿದಿತ್ತು. ಅಳಿಯಂದಿರು ತಮ್ಮ ಮೃದಂಗದ ಗುರುಗಳ ಮೂಲಕ ವಿಳಾಸವನ್ನು ವಿಚಾರಿಸಿಕೊಟ್ಟರು. ಮಳೆ, ಲಾಟೀನು, ಬಸ್ಸಿನ ಛಾರ್ಜು ಇವನ್ನು ಬರೆದೆವು. ಎರಡು ಕರಿಹಲಗೆಗಳಲ್ಲಿ ಒಂದು, 2024ರಲ್ಲಿ ನಾವು ನಿವೃತ್ತರಾಗುವ ದಿನವೂ ಒಂಬತ್ತನೆಯ ತರಗತಿಯ ಗೋಡೆಯ ಮೇಲಿತ್ತೆಂಬುದನ್ನೂ ಬರೆದೆವು. ತಡವಾದ ಕಾರಣವನ್ನು ಮರೆಮಾಚಲಿಲ್ಲ. ನಮ್ಮ ಮನೆಯವರು ಓದಿ ನೋಡಿ, “ಶ್ಲೋಕ ಇಲ್ಲವೇ?” ಎಂದರು. ಇಲ್ಲವೆಂದೆವು. ಸೋಮವಾರ ರಜೆಯಿದ್ದುದರಿಂದ ಮಂಗಳವಾರ ಟಪಾಲಿಗೆ ಹಾಕಿಸಿದೆವು.

ನಾವು ಊರಿಗೆ ಬಂದು ನವರಾತ್ರಿಯ ಹಬ್ಬವೂ ಮುಗಿದ ಬಳಿಕ ಉತ್ತರ ಬಂದಿತು. ತಂದೆಯವರು ಆ ಮಳೆಯ ರಾತ್ರಿಯನ್ನು ಮನೆಯಲ್ಲಿ ಅನೇಕ ಸಲ ಹೇಳುತ್ತಿದ್ದರೆಂದೂ, ತಾವು ಆಗ ಅದನ್ನು ಸರಿಯಾಗಿ ನಂಬಿರಲಿಲ್ಲವೆಂದೂ ಅವರು ಬರೆದಿದ್ದಾರೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಾರೆ: ಆ ಶಾಲೆಯಲ್ಲಿ ಈಗ ಮಕ್ಕಳಿಗೆ ಸಂಗೀತ ಹೇಳಿಕೊಡುವವರು ಯಾರಾದರೂ ಇದ್ದಾರೆಯೇ, ಇಲ್ಲವಾದರೆ ವಾರಕ್ಕೊಂದು ದಿನ ತಾವು ಬರಬಹುದೇ ಎಂದು. ಯಾರೂ ಇಲ್ಲ. ನಾಳೆ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡು ಬರಬೇಕೆಂದಿದ್ದೇವೆ.